ಒದ್ದೆ ಮರಳಿನಲ್ಲಿ ಚಿನ್ನದ ಸೂಜಿ

ಬಹಳ ಕಾಲದ ಹಿಂದೆ, ಕಡಲಂಚಿನ ಪವಳನಾಡಿನಲ್ಲಿ, ಚಂದಲೆ ಎಂಬ ಕಂಚುಗಾರ್ತಿ ಗಂಟೆ ಎರೆದು ಬಾಳುತ್ತಿದ್ದಳು. ಅವಳ ತಮ್ಮ ದುಗ್ಗಣ ಕುಲುಮೆಯ ಹೊಗೆ ಒಲ್ಲೆನೆಂದು ಬಲೆ ಹಿಡಿದು ಕಡಲಿಗಿಳಿದಿದ್ದ.

ಆ ತೀರವನ್ನು ಕ್ಷಾರಮುಖನೆಂಬ ಮಾಂತ್ರಿಕ ಆಳುತ್ತಿದ್ದ. ತಲೆಬಾಗದವರನ್ನು ಅವನು ಉಪ್ಪಿನ ಬೊಂಬೆ ಮಾಡಿ ಅಲೆಯ ದಾರಿಯಲ್ಲಿ ಕೂರಿಸುತ್ತಿದ್ದ. ಆ ಕಡಲಿಗೆ ದಿನಕ್ಕೊಂದೇ ಉಬ್ಬರ. ಮೂರು ಉಬ್ಬರಕ್ಕೆ ಬೊಂಬೆ ಕರಗಿ ಮುಗಿಯುತ್ತಿತ್ತು. ದುಗ್ಗಣ ತಲೆಬಾಗಲಿಲ್ಲ.

ಮಾಂತ್ರಿಕನ ಪ್ರಾಣ ಒದ್ದೆ ಮರಳಿನಲ್ಲಿ ಹೂತ ಒಂದು ಚಿನ್ನದ ಸೂಜಿಯಲ್ಲಿತ್ತು. ಇದು ನಾಡಿಗೆಲ್ಲ ಗೊತ್ತು. ಹುಡುಕುವವರನ್ನು ಅವನು ತಡೆಯುತ್ತಲೂ ಇರಲಿಲ್ಲ.

ಚಂದಲೆಯ ಬಳಿ ಒಂದು ಕೋಲಿತ್ತು, ತುದಿಗೆ ತಾಮ್ರದ ಬಳೆ. ಲೋಹದ ಮೇಲೆ ಹಿಡಿದರೆ ಬಳೆ ಗುಂಯ್‌ಗುಡುತ್ತಿತ್ತು. ಒಣ ಮರಳಿನಲ್ಲಿ ಅದು ಎಂದೂ ಸುಳ್ಳಾಡಿರಲಿಲ್ಲ.

ಮೊದಲ ದಿನ ನೀರಿಳಿದಾಗ ಅವಳು ಒದ್ದೆ ಮರಳಿಗೆ ಕಾಲಿಟ್ಟಳು. ಬಳೆ ಎಲ್ಲೆಲ್ಲೂ ಮೊರೆಯಿತು. ಮರಳಿನ ಉಪ್ಪುನೀರೇ ಅದನ್ನು ಕೂಗಿಸುತ್ತಿತ್ತು. ಗಂಟೆ ಎರೆಯುವವರಿಗೆ ದೊಡ್ಡ ನಾದವೇ ಒಳ್ಳೆಯ ನಾದ. ಹಾಗಾಗಿ ಅತಿ ಜೋರಾಗಿ ಮೊರೆದಲ್ಲೇ ತೋಡಿದಳು. ತುಕ್ಕು ಹಿಡಿದ ಲಂಗರು ಸಿಕ್ಕಿತು. ನೀರು ಏರಿತು. ದುಗ್ಗಣನ ಎಡಗೈ ಬೆರಳುಗಳು ಕರಗಿದವು.

ಎರಡನೆಯ ದಿನ ಮಾಂತ್ರಿಕನ ಕಬ್ಬಿಣದ ಏಡಿ ಮರಳಿನಡಿ ಓಡಿತು. ಅದು ಓಡಿದತ್ತ ಬಳೆ ಕೂಗಿತು, ಬಳೆ ಕೂಗಿದತ್ತ ಚಂದಲೆ ತೋಡಿದಳು. ಕೊನೆಗೆ ಏಡಿ ಮರಳಿನಿಂದ ತಲೆ ಎತ್ತಿತು.

"ಏನಮ್ಮ ಕಂಚುಗಾರ್ತಿ, ಬೆವರು ಸುರೀತಿದೆ. ಅದೂ ಉಪ್ಪೇ ಅಲ್ಲವೇ?"

ನೀರು ಏರತೊಡಗಿತು. ಚಂದಲೆ ತಮ್ಮನ ಮುಂದೆ ಕುಸಿದು ಕೂತಳು. "ಮರಳೆಲ್ಲ ಕೂಗ್ತಿದೆ ಕಣೋ. ಈ ಗದ್ದಲದಲ್ಲಿ ಏನು ಕೇಳಲಿ?"

ಬೊಂಬೆಯ ತುಟಿಗಳು ಅಲುಗಿದವು. "ಅಕ್ಕ, ಕಡಲು ದಿನವಿಡೀ ಮೊರೆಯುತ್ತೆ. ನಾವು ಅದನ್ನ ಕೇಳಿಸ್ಕೋತೀವಾ? ಮೊರೆತ ಬದಲಾದಾಗ ಮಾತ್ರ ತಲೆ ಎತ್ತುತ್ತೀವಿ."

"ನಿನ್ನೆಯೇ ಹೇಳಬಾರದಿತ್ತಾ?"

"ನೀನು ಯಾವತ್ತು ನನ್ನ ಮಾತು ಕೇಳಿದ್ದೀ?"

ಅಲೆ ಬಂದು ಅವನ ಬಾಯಿ ಮುಚ್ಚಿತು.

ಮೂರನೆಯ ದಿನ ಅವನ ತುಟಿಗಳು ಅಂಟಿಹೋಗಿದ್ದವು. ಎಡಗೈ ಮಣಿಕಟ್ಟಿನವರೆಗೆ ಇರಲಿಲ್ಲ. ಚಂದಲೆ ಗುದ್ದಲಿ ಮುಟ್ಟಲಿಲ್ಲ. ಬಳೆಯನ್ನು ಮರಳಿನಿಂದ ನಾಲ್ಕು ಬೆರಳು ಮೇಲೆ, ಒಂದೇ ಎತ್ತರದಲ್ಲಿ ಹಿಡಿದು, ನೀರಂಚಿನ ಉದ್ದಕ್ಕೂ ಮೆಲ್ಲಗೆ ನಡೆದಳು. ನಡೆದೂ ನಡೆದೂ ಉಪ್ಪಿನ ಮೊರೆತ ಅವಳ ಕಿವಿಗೆ ಮೌನವಾಯಿತು. ಏಡಿ ಓಡಿತು, ಬಳೆ ಕೂಗಿತು. ಹೂತ ಚಿನ್ನ ಓಡುವುದಿಲ್ಲ ಎಂದು ಅವಳು ತಿರುಗಿಯೂ ನೋಡಲಿಲ್ಲ.

ಒಂದು ಕಡೆ ಮೊರೆತದ ಶ್ರುತಿ ಎಳೆಯಷ್ಟು ತಗ್ಗಿತು. ಹಿಂದಿರುಗಿ ಬಂದಳು, ಅಲ್ಲೇ ತಗ್ಗಿತು. ತೋಡಿದಳು. ಮೂರು ಸಲ ಮರಳು ಕುಸಿದು ಗುಂಡಿ ತುಂಬಿತು. ನಾಲ್ಕನೆಯ ಸಲ, ಕಂಕುಳವರೆಗೆ ಕೈ ಇಳಿದ ಆಳದಲ್ಲಿ, ಬೆರಳಿಗೆ ಸೂಜಿ ಚುಚ್ಚಿತು.

ಕ್ಷಾರಮುಖ ಓಡೋಡಿ ಬಂದ. "ತಾಯೀ, ಕೇಳಿದ್ದು ಕೊಡುತ್ತೇನೆ."

"ನನ್ನ ತಮ್ಮನ ಕೈ ಕೊಡು."

ಕರಗಿದ್ದನ್ನು ಕೊಡುವುದು ಅವನಿಂದಲೂ ಆಗದು. ಚಂದಲೆ ಸೂಜಿ ಮುರಿದಳು. ಮಾಂತ್ರಿಕ ಉಪ್ಪಿನ ಗುಪ್ಪೆಯಾಗಿ ಬಿದ್ದ. ಮುಂದಿನ ಅಲೆ ಗುಪ್ಪೆಯನ್ನು ಒಯ್ದಿತು.

ಉಳಿದಿದ್ದ ಬೊಂಬೆಗಳೆಲ್ಲ ಮನುಷ್ಯರಾದವು. ಕರಗಿ ಹೋದವರು ಬರಲಿಲ್ಲ. ಬದುಕಿದವರು ಅಂಜಿಕೆಯಿಲ್ಲದೆ ಬಲೆ ಹರಡಿ, ಮೊಮ್ಮಕ್ಕಳನ್ನು ಕಂಡು, ಸುಖವಾಗಿ ಬಾಳಿದರು.

ಸೂಜಿ ಮುರಿದ ದಿನದ ಸಂಜೆ ಚಂದಲೆ ತಮ್ಮನಿಗೆ ಗಂಜಿ ಬಡಿಸಿದಳು. ಉಪ್ಪಿನ ಮರಿಗೆಯ ಮೇಲೆ ಅವಳ ಕೈ ತಡೆಯಿತು.

"ಹಾಕು ಅಕ್ಕ," ಎಂದ ದುಗ್ಗಣ, ಉಳಿದ ಕೈಯಿಂದ ಬಟ್ಟಲನ್ನು ಮುಂದೆ ಸರಿಸುತ್ತ. "ಸಪ್ಪೆ ಗಂಜಿ ಕುಡಿಯೋದಕ್ಕೆ ಬದುಕಿ ಬಂದೆನಾ?"