ಶುಕ್ರವಾರದ ಸಿಂಗಾಪುರ

"ಏರ್‌ಪೋರ್ಟಿನ ಗಾಜಿನಾಚೆ ಮಳೆ ಬರ್ತಿತ್ತು. ನಾನು ಗಾಜಿಗೆ ಮೂಗು ಒತ್ತಿ ನೋಡಿದೆ. ನಾನು ನೋಡಿದ ಕೊಲಂಬೊ ಅಷ್ಟೇ," ಎಂದಳು ಸಫೀನಾ.

ಓದಿ ಮುಗಿಸಿ ಅವಳು ಕ್ಲಾಸಿನ ಎದುರೇ ನಿಂತಿದ್ದಳು. ಹಿಂದಿನ ಬೆಂಚಿನಿಂದ ರೋಷನ್ ಕೇಳಿದ, "ಅಷ್ಟೇನಾ? ಹೊರಗೆ ಹೋಗ್ಲೇ ಇಲ್ವಾ?"

"ಇಲ್ಲ. ಊರಿಗೆ ಹೋಗುವಾಗ ಅಲ್ಲಿ ಫ್ಲೈಟ್ ಚೇಂಜ್ ಇತ್ತು. ಆರು ಗಂಟೆ ಕಾದದ್ದು."

"ಏರ್‌ಪೋರ್ಟ್ ಅಂದ್ರೆ ಸಿಟಿಯಾ ಮಾರಾಯ್ತಿ!" ಎಂದಳು ಅಮಿತಾ.

ಇಡೀ ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಮಿತಾ. ಸಫೀನಾ ಕಾಗದ ಮಡಚಿಕೊಂಡು ಬಂದು ಅವಳ ಪಕ್ಕದಲ್ಲೇ ಕೂತಳು. ಬೇರೆ ಎಲ್ಲಿ ಕೂರುತ್ತಾಳೆ? ಇಬ್ಬರೂ ದುಬೈಯ ಅಲ್ ಬರ್ಷಾದ ಒಂದೇ ಬಿಲ್ಡಿಂಗಿನವರು. ಕೆ.ಜಿ.ಯಿಂದಲೂ ಒಂದೇ ಬಸ್ಸು, ಒಂದೇ ಬೆಂಚು.

"ಯಲ್ಲಾ, ಸಾಕು, ಸೈಲೆನ್ಸ್!" ಎಂದರು ಒಲಿಂಡಾ ಮಿಸ್. "ನೆಕ್ಸ್ಟ್ ಅಮಿತಾ."

ಪ್ರಾಜೆಕ್ಟಿನ ಹೆಸರು 'ನಾನು ನೋಡಿದ ಎರಡು ಏಷ್ಯಾ ನಗರಗಳು'. ರೋಷನ್ ಬ್ಯಾಂಕಾಕಿಗೆ ಹೋಗಿದ್ದ. ಇನ್ನೊಬ್ಬಳು ಟೋಕಿಯೋ ನೋಡಿ ಬಂದಿದ್ದಳು. ಅಮಿತಾ ದುಬೈ ಬಿಟ್ಟರೆ ನೋಡಿದ್ದು ಮಂಗಳೂರು ಮಾತ್ರ. ಆದರೂ ಅವಳ ಪುಸ್ತಕದ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದಿತ್ತು: 'ದುಬೈ ಮತ್ತು ಸಿಂಗಾಪುರ'.

ಅವಳ ಪಪ್ಪ ಪೂವಪ್ಪನವರಿಗೆ ಕರಾಮದ ಒಂದು ಟ್ರಾವೆಲ್ಸ್‌ನಲ್ಲಿ ಕೆಲಸ. ಸಿಂಗಾಪುರದ ಯಾವ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಇಡ್ಲಿ ಸಿಗುತ್ತದೆ, ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತು, ಎಲ್ಲವೂ ಅವರ ಬಾಯಲ್ಲಿತ್ತು. ವರ್ಷಕ್ಕೆ ನೂರಾರು ಜನರನ್ನು ಅಲ್ಲಿಗೆ ಕಳಿಸುತ್ತಿದ್ದರು. ತಾವು ಒಮ್ಮೆಯೂ ಹೋದವರಲ್ಲ.

ಪ್ರಾಜೆಕ್ಟಿಗೆ ಬೇಕು ಎಂದಾಗ ಅವರು ಫೋಟೋಗಳನ್ನು ಪ್ರಿಂಟ್ ಮಾಡಿ ತಂದುಕೊಟ್ಟಿದ್ದರು. "ಹೋಗ್ಲಿಕ್ಕೆ ಆಸೆ ಇರುವ ಊರು ಅಂತಲಾ ಪ್ರಾಜೆಕ್ಟು?" ಎಂದು ಕೇಳಿದ್ದರು.

"ಹೂಂ," ಎಂದಿದ್ದಳು ಅಮಿತಾ.

ಈಗ ಅವಳು ಕ್ಲಾಸಿನ ಎದುರು ನಿಂತು ಓದತೊಡಗಿದಳು. ಸಿಂಹದ ತಲೆ, ಮೀನಿನ ಬಾಲ ಇರುವ ಬಿಳಿ ಬೊಂಬೆ ಬಾಯಿಂದ ನೀರು ಚಿಮ್ಮುತ್ತದೆ. ಹಲಸಿನ ಹಾಗೆ ಮುಳ್ಳಿರುವ ಡ್ಯೂರಿಯನ್ ಹಣ್ಣನ್ನು ಅಲ್ಲಿನ ಟ್ರೈನಿನಲ್ಲಿ ಒಯ್ಯಬಾರದು, ಅಷ್ಟು ವಾಸನೆ. ಎಲ್ಲರೂ ಕಣ್ಣರಳಿಸಿ ಕೇಳಿದರು. ಅಮಿತಾಳ ದನಿ ಏರಿತು.

"ಶುಕ್ರವಾರ ನಾವು ಕೇಬಲ್ ಕಾರಿನಲ್ಲಿ ಹೋದೆವು. ರಜಾ ದಿನವಾದ್ದರಿಂದ ತುಂಬಾ ರಶ್ ಇತ್ತು. ಪಪ್ಪನಿಗೆ ಹೆದರಿಕೆ ಆಯಿತು. ನಾನು ಅವರ ಕೈ ಹಿಡಿದುಕೊಂಡೆ. ಭಾನುವಾರ ಬೆಳಿಗ್ಗೆ ಅಲ್ಲಿನ ಮಕ್ಕಳು ಶಾಲೆಗೆ ಹೋಗುವುದನ್ನು ನೋಡಿದೆವು."

ಸಫೀನಾ ತಟ್ಟನೆ ತಲೆ ಎತ್ತಿದಳು. ಮತ್ತೆ ತನ್ನ ಮಡಚಿದ ಕಾಗದದ ಕಡೆ ಬಗ್ಗಿದಳು.

ಒಲಿಂಡಾ ಮಿಸ್ ಕನ್ನಡಕ ಸರಿಮಾಡಿಕೊಂಡರು. "ಭಾನುವಾರನಾ? ಶಾಲೆಗೆ ಹೋಗ್ತಿದ್ರಾ?"

"ಹೌದು ಮಿಸ್. ತುಂಬಾ ಜನ. ಹಳದಿ ಯೂನಿಫಾರ್ಮ್."

"ಸರಿ," ಎಂದರು ಮಿಸ್. ಪುಸ್ತಕ ತೆಗೆದುಕೊಂಡು ಪೆನ್ಸಿಲಿನಲ್ಲಿ ಏನೋ ಗುರುತು ಮಾಡಿ ವಾಪಸು ಕೊಟ್ಟರು. ಕ್ಲಾಸು ಚಪ್ಪಾಳೆ ತಟ್ಟಿತು.

ಬಸ್ಸಿನಲ್ಲಿ ಅಮಿತಾ ಪುಸ್ತಕ ಬಿಡಿಸಿದಳು. 'ಶುಕ್ರವಾರ' ಎಂಬ ಪದದ ಸುತ್ತ ಒಂದು ಸಣ್ಣ ಸುತ್ತು, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ. ಅಷ್ಟೇ. ಅದೇನೆಂದು ಅವಳಿಗೆ ತಿಳಿಯಲಿಲ್ಲ. ಆದರೂ ಪುಸ್ತಕವನ್ನು ಬ್ಯಾಗಿನ ಅಡಿಗೆ ತುರುಕಿದಳು.

ಮರುದಿನ ಶುಕ್ರವಾರ, ಆಗ ದುಬೈಯಲ್ಲಿ ವಾರದ ರಜೆಯ ದಿನ. ಪಪ್ಪ ಲುಂಗಿ ಉಟ್ಟುಕೊಂಡು ಆರಾಮಾಗಿ ಸೋಫಾದಲ್ಲಿ ಕೂತಿದ್ದರು. ಅಡುಗೆಮನೆಯಲ್ಲಿ ಅಮ್ಮ ನೀರುದೋಸೆ ಹೊಯ್ಯುತ್ತಿದ್ದಳು.

"ಸಿಂಗಾಪುರ ಹೇಗಾಯ್ತು ಮಗಾ? ಮಿಸ್ ಎಂತ ಹೇಳಿದ್ರು?" ಪಪ್ಪ ಕೈ ಚಾಚಿದರು. "ಕೊಡು, ನಾನೂ ಓದ್ತೇನೆ."

"ಬೇಡ ಪಪ್ಪ. ಅದು... ಬ್ಯಾಗಿನ ಅಡಿಯಲ್ಲಿ ಉಂಟು."

"ಬ್ಯಾಗೇ ತಾ ಹಾಗಾದ್ರೆ!"

ಪಪ್ಪ ಓದುತ್ತಾ ಹೋದರು. ಮೊದಲ ಪುಟಕ್ಕೆ ನಕ್ಕರು. ಡ್ಯೂರಿಯನ್ ಹಣ್ಣಿನ ಹತ್ತಿರ "ಭಲೇ!" ಎಂದರು. ಮೂರನೇ ಪುಟಕ್ಕೆ ಬಂದಾಗ ಅವರ ನಗು ನಿಂತಿತು. ಅಮಿತಾ ಕಾಲ್ಬೆರಳಿನಿಂದ ಕಾರ್ಪೆಟ್ಟಿನ ಹೂವನ್ನು ಉಜ್ಜತೊಡಗಿದಳು.

"ಸಿಂಗಾಪುರದಲ್ಲಿ ರಜೆ ಭಾನುವಾರ, ಮಗಾ. ಶುಕ್ರವಾರ ಅಲ್ಲಿ ಎಲ್ಲರಿಗೂ ಆಫೀಸು, ಶಾಲೆ."

"ನಮ್ಮ ಊರಲ್ಲಿ ಭಾನುವಾರ. ಫಾರಿನ್‌ನಲ್ಲಿ ಶುಕ್ರವಾರ ಅಲ್ವಾ?"

"ಎಲ್ಲಾ ಫಾರಿನ್ನೂ ದುಬೈಯಾ?"

ಅಮಿತಾಳ ಕಿವಿ ಬಿಸಿಯಾಯಿತು. ಹುಟ್ಟಿದಾಗಿನಿಂದ ಅವಳು ನೋಡಿದ್ದು ಇದನ್ನೇ. ಶುಕ್ರವಾರ ಪಪ್ಪನ ಲುಂಗಿ, ಭಾನುವಾರ ಸ್ಕೂಲ್ ಬಸ್ಸು. ಮಿಸ್ ಮಾಡಿದ ಸುತ್ತು ಯಾಕೆಂದು ಈಗ ತಿಳಿಯಿತು. ಮಿಸ್‌ಗೆ ಗೊತ್ತಾಗಿದೆ. ಹಳದಿ ಯೂನಿಫಾರ್ಮ್ ಎಂದು ತಾನು ಮೇಲಿಂದ ಸೇರಿಸಿದ್ದು ನೆನಪಾಗಿ ಅವಳು ಕಣ್ಣು ಮುಚ್ಚಿಕೊಂಡಳು.

ಪಪ್ಪ ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೈಯಲಿಲ್ಲ. ಪುಟದ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದರು, "ಕೇಬಲ್ ಕಾರಿನಲ್ಲಿ ನಾನು ಹೆದರಿದೆನಾ?"

ಅಮಿತಾ ಮತ್ತೆ ಕಾರ್ಪೆಟ್ಟಿನ ಹೂವನ್ನೇ ನೋಡಿದಳು.

"ನೀನು ಕೈ ಹಿಡ್ಕೊಂಡದ್ದು ಒಳ್ಳೇದಾಯ್ತು," ಎಂದು ಪಪ್ಪ ಪುಸ್ತಕ ಮುಚ್ಚಿ ಅವಳಿಗೆ ಕೊಟ್ಟರು. "ನನ್ನಲ್ಲಿ ಕೆಲವರು ಕೇಳ್ತಾರೆ, 'ನೀವು ಹೋಗಿದ್ದೀರಾ ಪೂವಪ್ಪಣ್ಣ?' ಅಂತ. ಇಲ್ಲ ಅಂತೇನೆ. ಹೋಗದೆ ಇದ್ದದ್ದಕ್ಕೆ ನಾಚಿಕೆ ಎಂತಕ್ಕೆ?"

ಅವರು ಎದ್ದು ದೋಸೆ ತಿನ್ನಲು ಹೋದರು. ಅಮಿತಾ ಪುಸ್ತಕ ಹಿಡಿದುಕೊಂಡು ಅಲ್ಲೇ ಉಳಿದಳು.

ಭಾನುವಾರ ಅವಳು ಅಸೆಂಬ್ಲಿಗೆ ಮೊದಲೇ ಮಿಸ್ ಹತ್ತಿರ ಹೋದಳು.

"ಮಿಸ್, ಸಿಂಗಾಪುರದಲ್ಲಿ ಶುಕ್ರವಾರ ರಜೆ ಇಲ್ಲ." ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ನಾನು ಅಲ್ಲಿಗೆ ಹೋಗೇ ಇಲ್ಲ."

"ಗೊತ್ತಾಯ್ತು," ಎಂದರು ಮಿಸ್. "ಊರಲ್ಲಿ ಭಾನುವಾರ ಚರ್ಚಿಗೆ ಹೋಗ್ತಿದ್ದವಳು ನಾನು. ಇಲ್ಲಿ ಶುಕ್ರವಾರ ಹೋಗೋದು. ವಾರ ತಪ್ಪಿದ್ರೆ ನನಗೆ ಬೇಗ ತಿಳೀತದೆ. ನಿಜವಾಗಿ ನೋಡಿದ್ದು ಬರೆದು ತಾ."

"ನಾನು ಮಂಗಳೂರು ಮಾತ್ರ ನೋಡಿದ್ದು ಮಿಸ್."

"ಯಾಕೆ, ಮಂಗಳೂರು ಏಷ್ಯಾದಲ್ಲಿ ಇಲ್ವಾ?"

ಅಮಿತಾ ಅಲ್ಲೇ ನಿಂತಿದ್ದಳು. ಇನ್ನೂ ಒಂದು ಮಾತು ಬಾಕಿ ಇತ್ತು. "ಮಿಸ್, ಕ್ಲಾಸಿಗೂ ಹೇಳ್ಲಾ?"

ಮಿಸ್ ಅವಳನ್ನೇ ನೋಡಿದರು. "ನಿನಗೆ ಹೇಳ್ಬೇಕು ಅನಿಸಿದ್ರೆ ಹೇಳು. ನಾನು ಒತ್ತಾಯ ಮಾಡುದಿಲ್ಲ."

ಮೊದಲ ಪೀರಿಯಡ್ಡಿನಲ್ಲಿ ಅಮಿತಾ ಎದ್ದು ನಿಂತಳು. ಗುರುವಾರ ಇದ್ದ ದನಿ ಈಗ ಎಲ್ಲಿಗೋ ಹೋಗಿತ್ತು. "ನಾನು ಸಿಂಗಾಪುರಕ್ಕೆ ಹೋಗಿಲ್ಲ. ಸುಳ್ಳು ಬರೆದಿದ್ದೆ. ಸಾರಿ."

"ಏರ್‌ಪೋರ್ಟ್ ಕೂಡ ನೋಡ್ಲಿಲ್ವಾ?" ಎಂದ ರೋಷನ್.

ನಗು ಹಿಂದಿನ ಬೆಂಚಿನಿಂದ ಶುರುವಾಗಿ ಬಾಗಿಲವರೆಗೂ ಹರಡಿತು. ಅಮಿತಾ ತಲೆ ತಗ್ಗಿಸಿ ಕೂತಳು. ಪಕ್ಕದಿಂದಲೂ ಒಂದು ನಗು ಬರುತ್ತದೆ ಎಂದು ಕಾದಳು. ಬಂದರೆ ಅದಕ್ಕೆ ಏನೂ ಅನ್ನುವಂತಿರಲಿಲ್ಲ.

ನಗು ಬರಲಿಲ್ಲ. ಸಫೀನಾ ಬೆಂಚಿನ ಮೇಲಿದ್ದ ತನ್ನ ಬ್ಯಾಗನ್ನು ಸರಿಸಿ, ಅವಳಿಗೆ ಸ್ವಲ್ಪ ಜಾಗ ಮಾಡಿಕೊಟ್ಟಳು.

ಸಂಜೆ ಬಸ್ಸಿನಲ್ಲಿ ಅಮಿತಾ ಕೇಳಿದಳು, "ನಿನಗೆ ಗುರುವಾರವೇ ಗೊತ್ತಾಗಿತ್ತಾ?"

"ಹೂಂ. ನಮ್ಮ ಉಮ್ಮನ ತಮ್ಮ ಸಫೀರ್ ಮಾಮ ಸಿಂಗಾಪುರದಲ್ಲೇ ಅಲ್ವಾ ಇರೋದು? ಉಮ್ಮನಿಗೆ ಭಾನುವಾರ ಮಾತ್ರ ಫೋನ್ ಮಾಡೋದು. ಅವತ್ತೇ ಅವರಿಗೆ ರಜೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಸಫೀನಾ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಇದ್ದಳು. "ನಿನ್ನನ್ನೂ ನೋಡಿ ನಗ್ತಿದ್ರಲ್ಲಾ. ಅಲ್ಲಿ ನಿಂತ್ಕೊಂಡು ಅದನ್ನು ಕೇಳಿಸಿಕೊಳ್ಳೋದು... ಚೆನ್ನಾಗಿರೋದಿಲ್ಲ."

ಅಮಿತಾ ಕಿಟಕಿಯ ಕಡೆ ತಿರುಗಿದಳು. ಹೊರಗೆ ಬಿಸಿಲಿನಲ್ಲಿ ಮೆಟ್ರೋ ಓಡುತ್ತಿತ್ತು. ಬಹಳ ಹೊತ್ತು ಅವಳಿಗೆ ಸಫೀನಾಳ ಮುಖ ನೋಡಲಾಗಲಿಲ್ಲ.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಅವಳು ಮೆಲ್ಲಗೆ ಕೇಳಿದಳು, "ಕೊಲಂಬೊದಲ್ಲಿ ಮಳೆ ಬರ್ತಿತ್ತು ಅಂದಿಯಲ್ಲ, ಜೋರು ಮಳೆಯಾ?"

"ಮೊದಲು ಸಣ್ಣದಿತ್ತು. ಆಮೇಲೆ ವಿಮಾನಗಳೇ ಕಾಣದಷ್ಟು ಜೋರು! ಅಲ್ಲಿ ನೆಲ ಒರೆಸುವ ಒಬ್ಬರು ಆಂಟಿ ಇದ್ರು..."

"ಹೂಂ. ಮತ್ತೆ?" ಎಂದಳು ಅಮಿತಾ.