ಹೊಸ ಗಾಜು, ಹಳೆಯ ಕಟ್ಟು

ಮಾರ್ಚ್ ಹನ್ನೆರಡು, ಬೆಳಿಗ್ಗೆ ಹತ್ತೂಕಾಲು. ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಠಾಣೆಗೆ ಬಂದು ಗಾಜಿನ ಹೂಜಿಯೊಂದನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟರು. ಮೈತುಂಬ ವಜ್ರದಾಕಾರ ಕೊರೆದ ಗಾಜು; ಕೊರಳಿಗೂ ಹಿಡಿಗೂ ಚಿನ್ನದ ಗಿಲೀಟಿನ ಬೆಳ್ಳಿ ಕಟ್ಟು, ಅದಕ್ಕೇ ಸೇರಿದ ಮುಚ್ಚಳ.

"ಇದು ಕಳುವಾಗಿದೆ," ಎಂದರು.

"ಇಲ್ಲೇ ಇದೆಯಲ್ಲಮ್ಮ?"

"ಇದು ನಮ್ಮದಲ್ಲ. ನಮ್ಮದು ನೂರೈವತ್ತು ವರ್ಷದ ಇಂಗ್ಲಿಷ್ ಗಾಜು. ಬೆರಳು ತಾಗಿದ್ರೆ ಗಂಟೆ ಥರ ನಾದ ಬರ್ತಿತ್ತು. ಇವತ್ತು ಒರೆಸುವಾಗ ಟಕ್ ಅಂತು. ಸೊಸೆ ಅದನ್ನ ಮಾರಿ ಇದನ್ನ ತಂದಿಟ್ಟಿದಾಳೆ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್ ಆಕೆಯ ಮನೆಗೆ ಹೋದಾಗ ಸೊಸೆ ಸೂಟ್‌ಕೇಸ್ ತುಂಬುತ್ತಿದ್ದಳು.

"ಎಲ್ಲಿಗೆ?"

"ತವರಿಗೆ. ಕಳ್ಳಿ ಅನ್ನಿಸಿಕೊಂಡು ಇಲ್ಲಿರಲ್ಲ."

"ಹೂಜಿ ಆಚೆ ಹೋಗಿತ್ತಾ?"

"ಜನವರಿಯಲ್ಲಿ. ಮುಚ್ಚಳ ಸಡಿಲ ಅಂತ ಅತ್ತೆಯೇ ಗಿಲೀಟು ಅಂಗಡಿ ತಾತನಿಗೆ ಕೊಟ್ಟಿದ್ರು. ಕಳೆದ ತಿಂಗಳು ಬಂತು. ಆದ್ರೆ ತಾತನ್ನ ಅನುಮಾನಿಸಿದ್ರೆ ನಾಲಿಗೆಗೆ ಹುಳ ಬೀಳುತ್ತಂತೆ, ಅತ್ತೆ ಹೇಳ್ತಾರೆ."

ಠಾಣೆಯಲ್ಲಿ ಕಾನ್‌ಸ್ಟೇಬಲ್ ಹೂಜಿಯನ್ನು ಹುಷಾರಾಗಿ ತಲೆಕೆಳಗು ಮಾಡಿದ.

"ಸರ್, ಅಷ್ಟು ವರ್ಷ ಮೇಜಿನ ಮೇಲೆ ಎಳೆದಾಡಿದ್ರೆ ತಳದಲ್ಲಿ ಗೀರು ಬಿದ್ದಿರಬೇಕಲ್ವಾ? ನಮ್ಮನೆ ಲೋಟದಲ್ಲೇ ಇದಕ್ಕಿಂತ ಜಾಸ್ತಿ ಗೀರಿದೆ."

ತಳ ನುಣ್ಣಗಿತ್ತು. ಇನ್‌ಸ್ಪೆಕ್ಟರ್ ಟಾರ್ಚ್ ಹಾಕಿ ಕೊರಳೊಳಗೆ ಇಣುಕಿದರು. ಕಟ್ಟು ಹಳೆಯದೇ, ಗಿಲೀಟು ಸವೆದಿತ್ತು. ಅದನ್ನು ಗಾಜಿಗೆ ಹಿಡಿಸಿದ್ದ ಪ್ಲಾಸ್ಟರ್ ಮಾತ್ರ ಹಾಲಿನಷ್ಟು ಬೆಳ್ಳಗಿತ್ತು.

"ಮಾರೋರಾಗಿದ್ರೆ ಕಟ್ಟಿನ ಸಮೇತ ಮಾರ್ತಿದ್ರು. ಬಿಚ್ಚಿ ಹೊಸ ಗಾಜಿಗೆ ಕೂರಿಸೋದು ಕಸುಬು ಬಲ್ಲವರ ಕೆಲಸ ಕಣಯ್ಯ."

ಮರುದಿನ ಹನ್ನೊಂದಕ್ಕೆ ಗಿಲೀಟು ಅಂಗಡಿ. ಪಂಚರೆದುರು ತಾತನ ಕಪಾಟು ತೆಗೆದಾಗ ಮಖಮಲ್ಲಿನಲ್ಲಿ ಸುತ್ತಿಟ್ಟ ಗಾಜಿನ ಚೂರುಗಳು ಸಿಕ್ಕವು. ಪಂಚನಾಮೆಯಲ್ಲಿ ಮೂವತ್ತೊಂದು ಎಂದು ಬರೆದರು. ತಳದ ಚೂರಿನ ತುಂಬ ಕೂದಲೆಳೆಯಂಥ ಗೀರುಗಳು.

"ಹೊಸದನ್ನ ಕೊರೆದವರು ಯಾರು?"

"ನಾನೇ. ಮೊಣಕೈ ಊರಿಕೊಂಡು, ಐದು ವಾರ. ಮೂರು ಕೆಟ್ಟವು, ನಾಲ್ಕನೇದು ಬಂತು."

ಇನ್‌ಸ್ಪೆಕ್ಟರಿಗೆ ಒಂದು ಕ್ಷಣ ಮೆಚ್ಚುಗೆಯೇ ಆಯಿತು. "ಒಡೀತು ಅಂತ ಹೇಳಬಹುದಿತ್ತಲ್ಲ?"

"ಕಟ್ಟು ಬಿಚ್ಚುವಾಗ ಕೈ ನಡುಗಿತು ಸ್ವಾಮಿ. ವರ್ಷದಿಂದ ನಡುಗ್ತಿದೆ. ಹೆಂಡತಿಗೂ ಹೇಳಿಲ್ಲ."

"ನಿಮ್ಮಿಂದಾಗಿ ಆ ಮನೆ ಸೊಸೆ ಕಳ್ಳಿ ಅನ್ನಿಸಿಕೊಂಡು ಹೊರಟಿದಾಳೆ."

"ಅಯ್ಯೋ, ಆ ಮಗುನಾ?" ಎಂದು ಮುದುಕರು ತಾವೇ ಚಪ್ಪಲಿ ಮೆಟ್ಟಿ ಜೀಪಿನತ್ತ ನಡೆದರು.

ವಂಚನೆಯ ಆರೋಪದಲ್ಲಿ ಬಂಧನ, ಸಮಯ 12.40. ಸುದ್ದಿ ತಿಳಿದ ಮುಖ್ಯೋಪಾಧ್ಯಾಯಿನಿ ಹೂಜಿಯ ಮಾತೆತ್ತದೆ, ಸೊಸೆಯನ್ನು ಕರೆತರಲು ಅವಳ ತವರಿಗೆ ಬಸ್ಸು ಹತ್ತಿದರು.

ನಲವತ್ತು ವರ್ಷ ಒಂದು ಸಾಮಾನನ್ನೂ ಕೆಡಿಸದ ಕೈ ಎಂಬ ಹೆಸರು ಉಳಿಸಿಕೊಳ್ಳಲು ಹೀಗೆ ಮಾಡಿದೆ ಎಂದು ಮುದುಕರ ಹೇಳಿಕೆಯಲ್ಲಿದೆ. ಅದರ ಕೆಳಗೆ ಸಹಿ ಹಾಕಲು ಅವರಿಗೆ ನಾಲ್ಕು ನಿಮಿಷ ಹಿಡಿಯಿತು. ಯಾರೂ ಅವಸರಪಡಿಸಲಿಲ್ಲ.