ಹದಿನೇಳನೆಯ ಅಂಕಿ

“ನಿಮ್ಮ ಭಾಷೆ ಸುಳ್ಳು ಹೇಳುತ್ತೆ ಕಣ್ರೀ!”

ಜಂದಿರಾಳ ಕೈಯಲ್ಲಿದ್ದ ಕಾಫಿ ತುಳುಕಿತು. ಬಾಗಿಲಲ್ಲಿ ನಿಂತವನು ಒತಾವಿಯೊ. ಸಮುದ್ರದ ಮೇಲೆ ತೇಲುತ್ತಾ ಅಲೆ ಅಳೆಯುವ ಯಂತ್ರಗಳ ಎಂಜಿನಿಯರ್.

ಬ್ರೆಜಿಲ್‌ನ ರಿಯೊದ ಆ ಪುಟ್ಟ ಪ್ರಯೋಗಾಲಯದಲ್ಲಿ ಆರು ಜನ ಸೇರಿ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು. ಅದರಲ್ಲಿ ದಶಮಾಂಶ ಸಂಖ್ಯೆಗಳನ್ನು ಬರೆದು ತೋರಿಸುವ ಭಾಗ ಜಂದಿರಾಳದು. ಆ ಯಂತ್ರಗಳಿಗೆ ಈ ಭಾಷೆಯೋ, ವಿದೇಶದ್ದೋ? ಶುಕ್ರವಾರ ತೀರ್ಮಾನ.

“ಪಾಯಿಂಟ್ ಒಂದಕ್ಕೆ ಪಾಯಿಂಟ್ ಎರಡು ಕೂಡಿಸಿದೆ. ಪಾಯಿಂಟ್ ಮೂರು ಅಂತ ತೋರಿಸ್ತು. ಪಾಯಿಂಟ್ ಮೂರಕ್ಕೆ ಇದು ಸಮಾನ ತಾನೇ ಅಂದ್ರೆ, ಅಲ್ಲ ಅಂತು!”

“ಒಳಗೆ ಹದಿನೇಳನೇ ಅಂಕಿಯಲ್ಲಿ ಒಂದು ನಾಲ್ಕು ಉಳ್ಕೊಂಡಿರುತ್ತೆ. ನಾನು ಹದಿನಾಲ್ಕಕ್ಕೇ ನಿಲ್ಲಿಸ್ತೀನಿ... ನೋಡೋಕೆ ಚೆಂದ ಇರ್ಲಿ ಅಂತ.”

“ಚೆಂದಕ್ಕೆ ಬಾಲ ಕತ್ತರಿಸಿದ್ರಾ? ಬರೆದಿಟ್ಟಿದ್ದನ್ನ ಯಂತ್ರ ತಿರುಗಿ ಓದಿದಾಗ ಬೇರೆ ಸಂಖ್ಯೆ ಸಿಗುತ್ತಲ್ರೀ!”

ಹಾಗೆ ತಪ್ಪಿದ ಸಂಖ್ಯೆಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಅವನು ನೇರ ಮೇಲಿನ ಮಹಡಿಗೆ, ನಿರ್ದೇಶಕಿ ದೋನಾ ಜುಲ್ಮೀರಾರ ಕೋಣೆಗೆ ಹೋದ.

ದೂರು ಕೊಡೋಕೆ ಹೋದ... ನಾಲ್ಕು ವರ್ಷದ ದುಡಿಮೆ ಮುಗೀತು!

ಕಣ್ಣು ತುಂಬಿತು. ಆದರೂ ಪಟ್ಟಿ ತೆಗೆದು ನೋಡಿದಳು. ಒಂದೊಂದೂ ನಿಜ. ಅವಮಾನಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಅದೇ.

ಎರಡು ದಿನ ಅವನು ಎದುರಾದರೂ ಅವಳು ಮುಖ ತಿರುಗಿಸಿದಳು. ಗುರುವಾರ ನಿರ್ದೇಶಕಿಯ ಕಚೇರಿಯ ಸಹಾಯಕಿ ಎದಿಲೆವ್ಸಾ, ಬಿಸಿ ಚೀಸ್ ಉಂಡೆಗಳ ತಟ್ಟೆ ಇಡುತ್ತಾ ಕೇಳಿದಳು:

“ಪಾಪದವನ ಮೇಲೆ ಯಾಕಮ್ಮಾ ಸಿಟ್ಟು?”

“ಪಾಪದವನಾ? ನನ್ನ ಮೇಲೆ ದೂರು ಕೊಟ್ಟವನು!”

“ದೂರಾ? ತೀರ್ಮಾನ ಒಂದು ವಾರ ಮುಂದೆ ಹಾಕಿ, ಜಂದಿರಾ ಸರಿ ಮಾಡ್ತಾರೆ, ನಮ್ಮ ಭಾಷೆನೇ ಸಮುದ್ರಕ್ಕೆ ಹೋಗ್ಬೇಕು ಅಂತ ಬೇಡ್ಕೊಂಡ. ದೋನಾ ಜುಲ್ಮೀರಾ ಒಪ್ಪಲಿಲ್ಲ. ನೀನೋ... ಮುಖಾನೇ ಕೊಡ್ಲಿಲ್ಲ!”

ಜಂದಿರಾ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತಳು.

ಉಪಾಯ ಸರಳವಾಗಿತ್ತು. ಮೊದಲು ಹದಿನಾಲ್ಕು ಅಂಕಿಯಲ್ಲಿ ಬರೆ. ತಿರುಗಿ ಓದು. ಅದೇ ಸಂಖ್ಯೆ ಬಂತೇ? ಸಾಕು. ಬರಲಿಲ್ಲವೇ? ಇನ್ನೊಂದು ಅಂಕಿ ಸೇರಿಸು. ಹದಿನೇಳಕ್ಕೆ ಎಲ್ಲವೂ ಮರಳಿ ಬರಲೇಬೇಕು. ಚೆಂದವೂ ಉಳಿಯಿತು, ಸತ್ಯವೂ ಉಳಿಯಿತು!

ಆರು ಜನರಲ್ಲಿ ಒಬ್ಬರು ಬೇಡವೆಂದರೂ ಭಾಷೆಯೊಳಗೆ ಏನೂ ಸೇರುವಂತಿಲ್ಲ, ಅದು ಅವರ ಕಟ್ಟಳೆ. ಅಂದು ಸಂಜೆ ಆರೂ ಕೈ ಮೇಲೆದ್ದವು.

ಶುಕ್ರವಾರ ಹತ್ತು ಲಕ್ಷ ಸಂಖ್ಯೆಗಳನ್ನು ಬರೆದು, ತಿರುಗಿ ಓದಿದರು. ತಪ್ಪಿದವು ಎಷ್ಟು? ತೆರೆಯ ಮೇಲೆ ಒಂಟಿ ಸೊನ್ನೆ!

“ನಮ್ಮದೇ ಹೋಗ್ಲಿ ಸಮುದ್ರಕ್ಕೆ!” ದೋನಾ ಜುಲ್ಮೀರಾ ಮೇಜು ಕುಟ್ಟಿದರು. ಯಾರೋ ಸಿಳ್ಳೆ ಹಾಕಿದರು. ಎದಿಲೆವ್ಸಾ ಕುಣಿದೇಬಿಟ್ಟಳು.

ಗದ್ದಲದ ನಡುವೆ ಜಂದಿರಾ ಒತಾವಿಯೊನ ಹತ್ತಿರ ಬಂದಳು.

“ಅವತ್ತೇ ಹೇಳ್ಬಾರದಿತ್ತಾ, ನನ್ನ ಪರವಾಗಿ ಮಾತಾಡೋಕೆ ಹೋಗಿದ್ರಿ ಅಂತ?”

“ಬೈದು ಬಂದಿದ್ನಲ್ಲ, ನಾಚಿಕೆ ಆಯ್ತು. ಇನ್ನೂ ಒಂದು ಹೇಳೋದಿದೆ... ಎಷ್ಟು ಮಾತಲ್ಲಿ ಹೇಳ್ಬೇಕೋ ಗೊತ್ತಾಗ್ತಿಲ್ಲ.”

“ಕಡಿಮೆಯಿಂದ ಶುರು ಮಾಡಿ. ಸಾಲದಿದ್ರೆ ಸೇರಿಸೋಣ.”

ಅವನು ಉಸಿರೆಳೆದುಕೊಂಡ.

“ಜಂದಿರಾ...”

ಅವಳು ಅವನ ಕೈ ಹಿಡಿದಳು.

“ಸಾಕು. ಪೂರ್ತಿ ಬಂತು.”